ದಲಾಲಿ ಸಾವ್ಕಾರ ಅಂದ್ರೆ ಮೋಸಗಾರನೇ ಆಗ್ಬೇಕಾ? ಕತೆಯಲ್ಲಿ ‘ಟೈಪು’ ಪಾತ್ರಗಳನ್ನ ಏನ್ ಮಾಡೋದು

ಜೋಳದ_ಸೀಸನ್
ಒಂದು ನೀಳ್ಗತೆ ತಿದ್ದುವ ಹಂತದಲ್ಲಿದೆ. ದಾವಣಗೆರೆ ಎಪಿಎಂಸಿ ಒಳಗೆ ಒಂದೇ ದಿನ ನಡೆಯುತ್ತೆ, ಬೆಳಗ್ಗೆ ಮೆಕ್ಕೆಜೋಳದ ಗಾಡಿ ಬರೋದ್ರಿಂದ ಸಂಜೆ ಲೆಕ್ಕ ಚುಕ್ತಾ ಆಗೋವರೆಗೆ. ಪಾತ್ರಗಳು ಒಟ್ಟು 9: ರೈತ, ಪಿಯುಸಿ ಓದೋ ಮಗಳು, ದಲಾಲಿ ಅಂಗಡಿ ಸಾವ್ಕಾರ, ಅವನ ತಾಯಿ, ಗುಮಾಸ್ತ, ಇಬ್ಬರು ಹಮಾಲರು, ಖರೀದಿದಾರ, ಟೀ ಹುಡುಗ. ಓದಿದವರ ಆಕ್ಷೇಪ ಎರಡು. ಒಂದು, ಸಾವ್ಕಾರ ಬರೀ ‘ಟೈಪು’, ನೂರು ಕತೆಯಲ್ಲಿ ನೋಡಿದ್ದು. ಎರಡು, ಎಲ್ಲರೂ ಒಂದೇ ಥರ ಮಾತಾಡ್ತಾರೆ. ಟೈಪು ಪಾತ್ರ ಇರೋದೇ ತಪ್ಪಾ? ತಪ್ಪಾದ್ರೆ ಒಂಬತ್ತು ಜನಕ್ಕೂ ಪೂರ್ತಿ ವ್ಯಕ್ತಿತ್ವ ಕೊಡೋಕೆ ಜಾಗ ಎಲ್ಲಿದೆ?

ಏಳುಸುತ್ತು
ತಪ್ಪಲ್ಲ. ಒಂದೇ ಗುಣದ ಚಪ್ಪಟೆ ಪಾತ್ರ, ಹಲವು ಮುಖಗಳಿರೋ ದುಂಡು ಪಾತ್ರ ಅನ್ನೋ ಭಾಗ ಮಾಡಿದ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ 1927ರಲ್ಲೇ ಚಪ್ಪಟೆ ಪಾತ್ರದ ಪರ ವಕಾಲತ್ತು ವಹಿಸಿದ್ದ. ಬಂದ ಕೂಡಲೇ ಗುರುತು ಸಿಗುತ್ತೆ, ಪುಸ್ತಕ ಮುಚ್ಚಿದ ಮೇಲೂ ನೆನಪಲ್ಲಿ ಉಳಿಯುತ್ತೆ ಅನ್ನೋದು ಅವನ ವಾದ. ದುಂಡು ಪಾತ್ರಕ್ಕೆ ಅವನು ಇಟ್ಟ ಪರೀಕ್ಷೆ: ನಂಬೋ ಹಾಗೆ ಅಚ್ಚರಿ ಮೂಡಿಸಬೇಕು. ಅಚ್ಚರಿಯೇ ಇಲ್ಲ ಅಂದ್ರೆ ಚಪ್ಪಟೆ. ಅಚ್ಚರಿ ಇದೆ, ಆದ್ರೆ ನಂಬೋಕಾಗಲ್ಲ ಅಂದ್ರೆ ಅದು ದುಂಡಗಾಗೋಕೆ ಹೊರಟ ಚಪ್ಪಟೆ. ಹೊಸಬರ ಕತೆಯಲ್ಲಿ ಈ ಎರಡನೇದೇ ಹೆಚ್ಚು. ಇಪ್ಪತ್ತು ಪುಟ ಕ್ರೂರಿಯಾಗಿದ್ದ ಸಾವ್ಕಾರ ಕೊನೇ ಪುಟದಲ್ಲಿ ಮಗಳ ಮದುವೆಗೆ ದುಡ್ಡು ಕೊಟ್ಟು ಕಣ್ಣೊರೆಸ್ಕೊಳ್ತಾನೆ ನೋಡಿ, ಆ ಜಾತಿ.

ನಿಮ್ಮ ಕತೆಯಲ್ಲಿ ಟೀ ಹುಡುಗ, ಖರೀದಿದಾರ, ಒಬ್ಬ ಹಮಾಲ ಚಪ್ಪಟೆಯಾಗೇ ಇರಲಿ.

ಭಟ್ಟಿಹೊಗೆ
ಟೀ ಹುಡುಗನಿಗೆ ಬಾಲ್ಯದ ನೋವು ಕೊಡ್ಬೇಡ್ರಪ್ಪ, ಕೈ ಮುಗೀತೀನಿ. ಟೀ ಕೊಟ್ಟು ಹೋಗಲಿ.

ಕೆಂಪುಶಾಯಿ
ಏಳುಸುತ್ತು ಅವರ ಮಾತಿಗೆ ಒಂದು ತಿದ್ದುಪಡಿ. ಇಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗ್ತಿವೆ.

ಟೈಪು ಅಂದ್ರೆ ಒಂದು ವರ್ಗದ ಪ್ರತಿನಿಧಿ: ಸಾವ್ಕಾರ, ಶಾನುಭೋಗ, ಅತ್ತೆ. ಚಪ್ಪಟೆ ಅಂದ್ರೆ ಒಂದೇ ಗುಣದ ಸುತ್ತ ಕಟ್ಟಿದ ಪಾತ್ರ. ಸ್ಥಿರ ಅಂದ್ರೆ ಕತೆ ಶುರುವಾದಾಗ ಹೇಗಿದ್ದನೋ ಮುಗಿದಾಗಲೂ ಹಾಗೇ ಇರೋದು. ಮೂರಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ದುಂಡಗಿದ್ದೂ ಸ್ಥಿರವಾಗಿರೋ ಪಾತ್ರ ಬೇಕಾದಷ್ಟಿವೆ. ಇವರ ಕತೆ ನಡೆಯೋದು ಒಂದೇ ದಿನ. ಒಂದು ದಿನದಲ್ಲಿ ಯಾವ ಸಾವ್ಕಾರನೂ ಬದಲಾಗಲ್ಲ, ಬದಲಾಯಿಸೋಕೆ ಹೋಗಲೂಬಾರದು. ಬೆಳಗ್ಗೆಯಿಂದ ಸಂಜೆಗೆ ಬದಲಾಗಬೇಕಾದ್ದು ಅವನ ಬಗ್ಗೆ ಓದುಗನಿಗಿರೋ ತಿಳುವಳಿಕೆ. ‘ನಿಮ್ಮ ಪಾತ್ರ ಬೆಳೆದಿಲ್ಲ’ ಅಂತ ಯಾರಾದ್ರೂ ವಿಮರ್ಶೆ ಮಾಡಿದ್ರೆ ಮೊದಲು ಕೇಳಿ: ಬೆಳೆದಿಲ್ವೋ, ತೆರೆದುಕೊಂಡಿಲ್ವೋ? ಮೊದಲನೇದಾದ್ರೆ ಘಟನೆ ಬದಲಾಯಿಸಬೇಕು. ಎರಡನೇದಾದ್ರೆ ಮಾಹಿತಿ ಕೊಡೋ ಕ್ರಮ ಬದಲಾಯಿಸಿದ್ರೆ ಸಾಕು.

ಏಳುಸುತ್ತು
ಒಪ್ಪಿದೆ. ಆದ್ರೆ ಟೈಪು ಬೇರೆ, ಸವಕಲು ಬೇರೆ ಅಂತಾನೂ ಸೇರಿಸಿ. ಟೈಪಿಗೆ ಅದರ ಕಾಲ, ಊರು, ಕಸುಬು ಇರುತ್ತೆ. ಸವಕಲು ಪಾತ್ರವನ್ನ ದಾವಣಗೆರೆಯಿಂದ ಎತ್ತಿ ಬಳ್ಳಾರಿಯಲ್ಲಿಟ್ಟರೂ ಒಂದಕ್ಷರ ಬದಲಾಗಬೇಕಿಲ್ಲ.

ಚಾಕ್‌ಪೀಸ್
ಎಲ್ಲರೂ ಫಾರ್ಸ್ಟರ್ ಹಿಡ್ಕೊಂಡು ಕೂತಿದ್ದೀರಿ. ನಮ್ಮಲ್ಲಿ ಈ ವಿಚಾರ ನಾಟ್ಯಶಾಸ್ತ್ರದಲ್ಲೇ ಬಂದಿದೆ. ನಾಯಕರು ನಾಲ್ಕು ಬಗೆ: ಧೀರೋದಾತ್ತ (ಗಂಭೀರ), ಧೀರೋದ್ಧತ (ಗರ್ವಿ), ಧೀರಲಲಿತ (ವಿಲಾಸಿ), ಧೀರಪ್ರಶಾಂತ (ಶಾಂತ). ಆಮೇಲೆ ಅಷ್ಟನಾಯಿಕೆಯರು, ಅಂದ್ರೆ ಪ್ರೇಮದಲ್ಲಿರೋ ನಾಯಿಕೆಯರು ಎಂಟು ಬಗೆ. ಸಿದ್ಧ ಅಚ್ಚುಗಳು ಇದ್ದಾಗಲೂ ದೊಡ್ಡ ನಾಟಕಗಳು ಬಂದವು. ಅಚ್ಚು ಇದ್ದ ಮಾತ್ರಕ್ಕೆ ಪಾತ್ರ ಕೆಡುತ್ತೆ ಅನ್ನೋದು ಈಗಿನವರ ಭ್ರಮೆ.

ಶಾಂತಿಸಾಗರ
ಮೇಷ್ಟ್ರೆ, ನಾಯಕರ ವಿಷಯಕ್ಕೆ ಸರಿ. ಅಷ್ಟನಾಯಿಕೆಯರು ಅಚ್ಚುಗಳಲ್ಲ. ಖಂಡಿತೆ, ವಿಪ್ರಲಬ್ಧೆ, ಕಲಹಾಂತರಿತೆ, ಅಭಿಸಾರಿಕೆ ಇವೆಲ್ಲ ಅವಸ್ಥೆಗಳು. ಒಬ್ಬಳೇ ಹೆಣ್ಣು ಸಂಜೆ ವಾಸಕಸಜ್ಜಿಕೆಯಾಗಿ ಅಲಂಕಾರ ಮಾಡ್ಕೊಂಡು ಕಾಯ್ತಾಳೆ, ಮಧ್ಯರಾತ್ರಿ ಅವನು ಬರದೇ ಇದ್ದಾಗ ವಿಪ್ರಲಬ್ಧೆ, ಬೆಳಗ್ಗೆ ಬೇರೆ ಹೆಣ್ಣಿನ ಗುರುತು ಹೊತ್ತು ಬಂದಾಗ ಖಂಡಿತೆ, ಜಗಳಾಡಿ ಕಳಿಸಿ ಮರುಗಿದಾಗ ಕಲಹಾಂತರಿತೆ. ಒಂದೇ ರಾತ್ರಿಯಲ್ಲಿ ನಾಲ್ಕು ಮೆಟ್ಟಿಲು. ಕತೆ ಬರೆಯೋರಿಗೆ ಇದು ಟೈಪಿನ ಪಟ್ಟಿಗಿಂತ ಹೆಚ್ಚು ಉಪಯೋಗ. ‘ಇವನು ಎಂಥವನು’ ಅನ್ನೋದರ ಬದಲು ‘ಈ ಗಳಿಗೆಯಲ್ಲಿ ಯಾವ ಸ್ಥಿತಿಯಲ್ಲಿದ್ದಾನೆ, ಮುಂದಿನ ಸ್ಥಿತಿಗೆ ಏನು ತಳ್ಳುತ್ತೆ’ ಅಂತ ಕೇಳಿದ್ರೆ ದೃಶ್ಯ ತಾನಾಗೇ ಮುಂದಕ್ಕೆ ಹೋಗುತ್ತೆ.

ಚಾಕ್‌ಪೀಸ್
ಹೌದು, ಅವಸ್ಥೆ ಅಂತಲೇ ಶಾಸ್ತ್ರ ಹೇಳೋದು. ಚೆನ್ನಾಗಿ ಬಿಡಿಸಿದ್ರಿ.

ರಾಜಾಪಾರ್ಟು
ಕಂಪನಿ ನಾಟಕದ ಊರಲ್ಲಿ ಕೂತು ಟೈಪಿಗೆ ಬೈಯ್ತೀರಲ್ರೀ! ರಾಜಾಪಾರ್ಟು, ಸ್ತ್ರೀಪಾರ್ಟು, ಹಾಸ್ಯದ ಪಾರ್ಟು. ನಟನ ಗಂಟಲು, ಮೈಕಟ್ಟು ನೋಡಿ ಪಾರ್ಟು ಹಂಚೋರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇದೇ ದಾವಣಗೆರೆದು. ಹಿಂದಿನ ಸಾಲಲ್ಲಿ ಕೂತೋನಿಗೂ ಪಾತ್ರ ರಂಗಕ್ಕೆ ಬಂದ ತಕ್ಷಣ ಇವನು ಯಾರು ಅಂತ ಗೊತ್ತಾಗ್ಬೇಕು. ಅದಕ್ಕೇ ಮೀಸೆ, ಅದಕ್ಕೇ ಆ ನಗು. ಬಯಲಾಟದಲ್ಲಂತೂ ರಾಕ್ಷಸ ಬರೋ ಮೊದಲು ಅವನ ಕೇಕೆ ಬರುತ್ತೆ.

ಕೆಂಪುಶಾಯಿ
ಸರಿ, ಆದ್ರೆ ಆ ಒತ್ತಡ ರಂಗದ್ದು. ಕತೆ ಓದೋನು ಪುಟ ಹಿಂದಕ್ಕೆ ತಿರುಗಿಸಬಹುದು. ಅವನಿಗೆ ಮೀಸೆ ಬೇಕಾಗಿಲ್ಲ. ಇನ್ನೊಂದು ವಿಷಯ, ಕಂಪನಿ ನಾಟಕದಲ್ಲಿ ಪಾತ್ರಕ್ಕೆ ಜೀವ ತುಂಬೋಕೆ ನಟ ಇರ್ತಾನೆ. ಕತೆಯಲ್ಲಿ ಟೈಪಿಗೆ ನಟ ಇಲ್ಲ. ಅದಕ್ಕೇ ಕಾಗದದ ಮೇಲೆ ಒಣಗಿ ಹೋಗುತ್ತೆ.

ಚಾವಡಿಕಟ್ಟೆ
ಸಿದ್ಧಾಂತ ಸಾಕು, ಸಾವ್ಕಾರನ ಕಡೆ ಬರ್ರಿ.

ಟೈಪು ಪಾತ್ರ ಸರಿ ಮಾಡೋಕೆ ಎಲ್ಲರೂ ಮೊದಲು ಮಾಡೋ ತಪ್ಪು ಅಂದ್ರೆ ತಿರುಗುಮುರುಗು ಮಾಡೋದು: ಕ್ರೂರ ಸಾವ್ಕಾರ ಬೇಡ ಅಂದ್ರಾ, ತಗೊಳ್ಳಿ, ಹೃದಯವಂತ ಸಾವ್ಕಾರ. ಅದೂ ಟೈಪೇ. ಎರಡನೇ ತಪ್ಪು, ಮೈಮೇಲೆ ಒಂದು ಗುರುತು ಅಂಟಿಸೋದು: ನಶ್ಯ ಹಾಕ್ತಾನೆ, ಕುಂಟ್ತಾನೆ, ಹಳೇ ಹಾಡು ಗುನುಗ್ತಾನೆ. ಗುರುತು ಪಾತ್ರ ಅಲ್ಲ. ಓದುಗನಿಗೆ ನೆನಪಿಟ್ಕೊಳ್ಳೋಕೆ ಸಹಾಯ, ಅಷ್ಟೇ.

ಕಸುಬಿನ ಒಳಗಿಂದ ಒತ್ತಡ ಹುಡುಕ್ರಿ. ದಲಾಲಿ ಅಂಗಡಿಯವನು ಮಧ್ಯದೋನು. ಬಿತ್ತನೆ ಹೊತ್ತಿಗೆ ರೈತನಿಗೆ ಮುಂಗಡ ಕೊಟ್ಟಿರ್ತಾನೆ, ಅದಕ್ಕೇ ಮಾಲು ಇವನ ಅಂಗಡಿಗೇ ಬರೋದು. ಆ ಕಡೆ ಖರೀದಿದಾರ ದುಡ್ಡು ಬಾಕಿ ಉಳಿಸ್ಕೊಂಡಿರ್ತಾನೆ. ರೈತನ ಮುಂದೆ ಇವನು ಸಾವ್ಕಾರ, ಖರೀದಿದಾರನ ಮುಂದೆ ಇವನೇ ಕೈಚಾಚೋನು. ಒಬ್ಬನೇ ಮನುಷ್ಯ ಒಂದೇ ಬೆಳಗ್ಗೆ ಇಬ್ಬರ ಮುಂದೆ ನಿಂತಾಗ ದನಿ ಹೇಗೆ ಬದಲಾಗುತ್ತೆ ಅಂತ ತೋರಿಸಿದ್ರೆ ಚಪ್ಪಟೆತನ ಅಲ್ಲೇ ಮುರೀತು. ಖರೀದಿದಾರನಿಗೆ ಎರಡೇ ಮಾತು ಸಾಕು, ಅವನು ಚಪ್ಪಟೆಯಾಗಿದ್ರೂ ಸಾವ್ಕಾರನನ್ನ ದುಂಡಗೆ ಮಾಡ್ತಾನೆ. ಚಿಕ್ಕ ಪಾತ್ರಗಳ ಕೆಲಸವೇ ಅದು.

ಈಗ ಇದನ್ನ ನೋಡ್ರಿ. ಕೆಟ್ಟ ರೂಪ:

‘ಸಾವ್ಕಾರ ಮಹಾ ಜಿಪುಣ. ಡೊಳ್ಳು ಹೊಟ್ಟೆ, ಬೆರಳ ತುಂಬ ಉಂಗುರ. ಬಡ ರೈತರ ರಕ್ತ ಹೀರುವುದೇ ಅವನ ಕಸುಬಾಗಿತ್ತು.’

ತಿದ್ದಿದ ರೂಪ:

‘ಸಾವ್ಕಾರ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ತಳದ ಕಾಳು ತೆಗೆದ. ಒಂದನ್ನು ಹಲ್ಲಿಗಿಟ್ಟು ಕಡಿದ. “ಹದಿನೆಂಟು” ಅಂದ. ತೇವ ಅಳೆಯುವ ಮೀಟರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇತ್ತು. “ಮಗಳ ಫೀಸು ಕಟ್ಟಿದ್ದಾತೇನಪ್ಪಾ?” ಎಂದು ಕೇಳುತ್ತಾ ಚೀಟಿಯಲ್ಲಿ ಕಡಿತ ಬರೆಸಿದ.’

ಹದಿನೆಂಟು ಅಂದ್ರೆ ಕಾಳಿನ ತೇವ ಶೇಕಡಾ ಹದಿನೆಂಟು, ತೇವ ಹೆಚ್ಚಿದ್ದಷ್ಟೂ ತೂಕದಲ್ಲಿ ಕಡಿತ. ಎರಡನೇದರಲ್ಲಿ ಒಂದೂ ಗುಣವಾಚಕ ಇಲ್ಲ. ಕೆಲಸ ಬಲ್ಲವನು ಅಂತ ಗೊತ್ತಾತು, ಮೀಟರು ಮುಟ್ಟಲಿಲ್ಲ ಅಂತಲೂ ಗೊತ್ತಾತು. ಫೀಸಿನ ವಿಚಾರ ಕೇಳಿದ್ದು ಕಾಳಜಿನಾ, ‘ಆ ದುಡ್ಡು ಕೊಟ್ಟೋನು ನಾನು’ ಅಂತ ನೆನಪು ಮಾಡಿದ್ದಾ? ಎರಡೂ ಇರಬಹುದು. ಅದನ್ನ ತೀರ್ಮಾನ ಮಾಡದೆ ಬಿಡೋದೇ ಲೇಖಕನ ಕೆಲಸ.

ಜೋಳದ_ಸೀಸನ್
ಇದು ಕೆಲಸಕ್ಕೆ ಬಂತು. ಹಂಗಾದ್ರೆ ನೇರವಾಗಿ ಹೇಳಲೇಬಾರದಾ? ‘ಜಿಪುಣ’ ಅನ್ನೋ ಪದ ಎಲ್ಲೂ ಬಳಸೋ ಹಾಗಿಲ್ವಾ?

ಚಾವಡಿಕಟ್ಟೆ
ಬಳಸ್ರಿ. ‘ಹೇಳಬೇಡ, ತೋರಿಸು’ ಅನ್ನೋದನ್ನ ವೇದವಾಕ್ಯ ಮಾಡ್ಕೊಂಡು ಟೀ ಹುಡುಗನ ಹಸಿವನ್ನೂ ಅರ್ಧ ಪುಟ ತೋರಿಸೋರಿದ್ದಾರೆ. ಚಪ್ಪಟೆ ಪಾತ್ರಕ್ಕೆ ಒಂದು ಸಾಲು ಹೇಳಿ ಮುಗಿಸೋದೇ ಮರ್ಯಾದೆ. ತೋರಿಸೋದಕ್ಕೆ ಜಾಗ ಖರ್ಚಾಗುತ್ತೆ, ಆ ಖರ್ಚು ಮುಖ್ಯ ಪಾತ್ರದ ನಿರ್ಧಾರಕ್ಕಿರಲಿ. ಕತೆಯಲ್ಲಿ ಯಾರ ನಿರ್ಧಾರದಿಂದ ಘಟನೆಯ ದಿಕ್ಕು ಬದಲಾಗುತ್ತೋ ಅವರಿಗೆ ಒಳಗು ಬೇಕು. ಉಳಿದೋರಿಗೆ ಒಂದು ಕೆಲಸ, ಒಂದು ದನಿ ಸಾಕು. ನಿಮ್ಮ ಕತೆಯಲ್ಲಿ ನಿರ್ಧಾರ ಮಾಡೋರು ಮೂರೇ ಜನ ಅನ್ಸುತ್ತೆ: ರೈತ, ಸಾವ್ಕಾರ, ಮಗಳು.

ವಾಣಿವಿಲಾಸ
ನಾಲ್ಕನೇದು ಗುಮಾಸ್ತ. ಚೀಟಿ ಬರೆಯೋನು ಅವನು. ತಪ್ಪು ಗೊತ್ತಿದ್ದೂ ಬರೀತಾನಾ ಇಲ್ವಾ ಅನ್ನೋದ್ರಲ್ಲಿ ಒಂದು ಕತೆಯೇ ಇದೆ.

ಕೆಂಪುಶಾಯಿ
ಬೇರೆಯವರ ಬಾಯಿಂದ ಪಾತ್ರ ಕಟ್ಟೋದನ್ನ ಯಾರೂ ಹೇಳಲಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಶುರುವಾಗೋ ಹೊತ್ತಿಗೆ ನಾರಣಪ್ಪ ಸತ್ತಿದ್ದಾನೆ. ಆದ್ರೂ ಇಡೀ ಅಗ್ರಹಾರಕ್ಕಿಂತ ಜೀವಂತ ಅವನೇ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಹೇಳಿದ್ದರಲ್ಲಿ ನಾರಣಪ್ಪ ಅರ್ಧ, ಹೇಳಿದವನ ಆಸೆ, ಹೊಟ್ಟೆಕಿಚ್ಚು ಅರ್ಧ ಕಾಣುತ್ತೆ. ಒಂದು ಮಾತಿನಲ್ಲಿ ಎರಡು ಪಾತ್ರ. ನಿಮ್ಮ ಹಮಾಲರಿಬ್ಬರು ಚೀಲ ಹೊರೋವಾಗ ಸಾವ್ಕಾರನ ಬಗ್ಗೆ ಮಾತಾಡಲಿ, ಆದ್ರೆ ಇಬ್ಬರ ಮಾತೂ ಒಂದಕ್ಕೊಂದು ತಾಳೆ ಆಗಬಾರದು. ಒಂದೇ ಅಭಿಪ್ರಾಯ ಇರೋ ಇಬ್ಬರು ಹಮಾಲರು ಬೇಕಿಲ್ಲ, ಒಬ್ಬನನ್ನ ತೆಗೀರಿ.

ಶಾಂತಿಸಾಗರ
ಎರಡನೇ ಆಕ್ಷೇಪಕ್ಕೆ ಬರ್ತೀನಿ, ಎಲ್ಲರೂ ಒಂದೇ ಥರ ಮಾತಾಡ್ತಾರೆ ಅಂತಂದ್ರಲ್ಲ.

ಪರೀಕ್ಷೆ ಸುಲಭ. ಸಂಭಾಷಣೆ ಇರೋ ಪುಟದಲ್ಲಿ ‘ಅಂದ’, ‘ಅಂದಳು’, ಹೆಸರು ಎಲ್ಲ ಅಳಿಸಿ ಓದಿ. ಯಾರು ಯಾರಂತ ಗೊತ್ತಾಗಲಿಲ್ಲ ಅಂದ್ರೆ ಕೆಲಸ ಬಾಕಿ ಇದೆ. ಸರಿ ಮಾಡೋಕೆ ಎಲ್ಲರೂ ಭಾಷೆಯ ಸೊಗಡಿಗೆ ಕೈ ಹಾಕ್ತಾರೆ, ಅಲ್ಲೇ ಎಡವೋದು. ಹಮಾಲನ ಪ್ರತಿ ಪದದಲ್ಲೂ ಹಕಾರ ಕಿತ್ತು, ಒತ್ತಕ್ಷರ ಮುರಿದು ಬರೆದ್ರೆ ಅವನು ಮನುಷ್ಯ ಆಗಲ್ಲ, ಹಾಸ್ಯದ ಪಾರ್ಟು ಆಗ್ತಾನೆ (ರಾಜಾಪಾರ್ಟು ಕ್ಷಮಿಸಬೇಕು). ಒಬ್ಬರಿಗೆ ಒಂದೋ ಎರಡೋ ಗುರುತು ಸಾಕು.

ಅದಕ್ಕಿಂತ ದೊಡ್ಡ ಆಯುಧ ಕನ್ನಡದಲ್ಲೇ ಇದೆ, ನೀನು ಮತ್ತು ನೀವು. ಸಾವ್ಕಾರ ತನಗಿಂತ ಹತ್ತು ವರ್ಷ ದೊಡ್ಡ ರೈತನಿಗೆ ‘ನೀನು’ ಅಂತಾನೆ. ಗುಮಾಸ್ತ ಅದೇ ರೈತನಿಗೆ ‘ಯಜಮಾನ್ರೆ, ಇಲ್ಲಿ ರುಜು ಹಾಕ್ರಿ’ ಅಂತಾನೆ. ಸಾವ್ಕಾರನ ತಾಯಿ ‘ತಮ್ಮಾ, ಉಂಡ್ಯೇನಪ್ಪಾ’ ಅಂತಾಳೆ. ಮೂರೂ ಸಂಬಂಧ ಗೊತ್ತಾತು, ವಿವರಣೆ ಬೇಕಿಲ್ಲ. ಮಗಳು ಇದನ್ನೆಲ್ಲ ಕೇಳಿಸ್ಕೊಳ್ತಾ ಇರ್ತಾಳೆ. ರೈತ ದಿನವಿಡೀ ‘ಸಾವ್ಕಾರ್ರೆ, ನೋಡ್ರಿ’ ಅಂದು ಸಂಜೆ ಚೀಟಿ ಹಿಡ್ಕೊಂಡು ಒಂದೇ ಒಂದು ಸಲ ‘ಏನಪ್ಪಾ ಇದು?’ ಅಂದ್ರೆ ಅದೇ ಕತೆಯ ತುದಿ. ಅದಕ್ಕೆ ಮೊದಲು ಮಧ್ಯಾಹ್ನ ಎಲ್ಲೋ ಮರೆತು ‘ನೀನು’ ಬಳಸಿಬಿಟ್ರೆ ಆ ಹೊಡೆತ ಹೋಯ್ತು. ಅದಕ್ಕೇ ಯಾರು ಯಾರನ್ನ ಹೇಗೆ ಕರೀತಾರೆ ಅಂತ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಗೋಡೆಗೆ ಅಂಟಿಸ್ಕೊಳ್ಳಿ.

ಭಟ್ಟಿಹೊಗೆ
ಹೆಸರಿನ ಪಟ್ಟಿನೂ ಮಾಡ್ರಿ. ನಮ್ಮ ಕಡೆ ಕತೆ ಅಂದ್ರೆ ಬಸಪ್ಪ, ಬಸವರಾಜ, ಬಸಮ್ಮ. ಚಿತ್ರದುರ್ಗದ ಕಡೆ ಹೋದ್ರೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ. ಮೂರನೇ ಪುಟಕ್ಕೆ ಓದುಗನ ತಲೆ ಗಿರ್ರ್.

ವಾಣಿವಿಲಾಸ
ಆದ್ರೆ ಊರಲ್ಲಿ ಇರೋದೇ ಹಂಗಲ್ವಾ? ಹತ್ತು ತಿಪ್ಪೇಸ್ವಾಮಿ ಇರೋ ಕಡೆ ಎಲ್ಲರಿಗೂ ಬೇರೆ ಬೇರೆ ಹೆಸರಿಟ್ರೆ ಅದೇ ಸುಳ್ಳು ಅನ್ಸುತ್ತೆ.

ಏಳುಸುತ್ತು
ಊರೇ ಅದಕ್ಕೆ ಪರಿಹಾರ ಕಂಡ್ಕೊಂಡಿದೆ: ಅಂಗಡಿ ತಿಪ್ಪೇಸ್ವಾಮಿ, ಟ್ರ್ಯಾಕ್ಟರ್ ತಿಪ್ಪೇಸ್ವಾಮಿ. ಅಡ್ಡಹೆಸರಲ್ಲಿ ಊರಿನವರ ತೀರ್ಪೂ ಇರುತ್ತೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿಯನ್ನ ನೆನೆಸ್ಕೊಳ್ಳಿ, ಹೆಸರಲ್ಲೇ ಅವನ ನಾಯಿ ‘ಹುಲಿಯ’ ಜೊತೆಗಿದೆ. ಕತೆಯಲ್ಲಿ ಮೊದಲ ಅಕ್ಷರ ಬೇರೆ ಇರಲಿ, ಹೆಸರಿನ ಉದ್ದವೂ ಬೇರೆ ಇರಲಿ. ಚಿಕ್ಕ ಪಾತ್ರಕ್ಕೆ ಹೆಸರು ಬೇಡ, ‘ಟೀ ಹುಡುಗ’ ಸಾಕು. ಹೆಸರಿಟ್ಟ ಕೂಡಲೇ ಇವನು ಮುಂದೆ ಬರ್ತಾನೆ ಅಂತ ಓದುಗ ಕಾಯ್ತಾನೆ.

ಗರಡಿಮನೆ
ಎಲ್ಲರೂ ಇಂಟರ್ನೆಟ್ಟಲ್ಲಿ ಸಿಗೋ ‘ಪಾತ್ರದ ಬಯೋಡೇಟಾ’ ಫಾರಂ ಮರೆತ್ರಲ್ಲ. ನೂರು ಪ್ರಶ್ನೆ ಇರ್ತವೆ. ಇಷ್ಟದ ಬಣ್ಣ, ರಾಶಿ, ಮೊದಲ ಪ್ರೀತಿ, ರಕ್ತದ ಗುಂಪು. ಅದು ತುಂಬಿಸಿದ್ರೆ ಪಾತ್ರ ರೆಡಿ ಅಂತಾರೆ.

ಚಾವಡಿಕಟ್ಟೆ
ರೇಷನ್ ಕಾರ್ಡಿಗೆ ಅರ್ಜಿ ರೆಡಿ. ಇಷ್ಟದ ಬಣ್ಣದಿಂದ ಒಂದೂ ದೃಶ್ಯ ಹುಟ್ಟಲ್ಲ. ಬೇಕಿರೋದು ಐದು: ಇವತ್ತು ಸಂಜೆಯೊಳಗೆ ಅವನಿಗೆ ಏನು ಆಗಲೇಬೇಕು? ಯಾರಿಗೆ ಬಾಕಿ ಇದ್ದಾನೆ (ದುಡ್ಡೋ, ಮಾತೋ)? ಯಾವ ವಿಷಯದಲ್ಲಿ ಸುಳ್ಳು ಹೇಳ್ತಾನೆ? ತನ್ನ ಬಗ್ಗೆ ತಾನು ಏನಂದ್ಕೊಂಡಿದ್ದಾನೆ? ಏನೇ ಬಂದ್ರೂ ಏನು ಮಾಡಲ್ಲ? ಕೊನೇದು ಬಹಳ ಮುಖ್ಯ. ‘ತೂಕದಲ್ಲಿ ಹೊಡೀತೀನಿ, ಆದ್ರೆ ಸಾವಿನ ಮನೆಯಿಂದ ಬಂದ ಮಾಲಿಗೆ ಕೈ ಹಾಕಲ್ಲ’ ಅನ್ನೋ ಸಾವ್ಕಾರ ತನ್ನನ್ನ ತಾನು ಧರ್ಮಾತ್ಮ ಅಂತಲೇ ನಂಬಿರ್ತಾನೆ. ಖಳನಿಗೂ ತನ್ನ ಲೆಕ್ಕದಲ್ಲಿ ತಾನು ಒಳ್ಳೆಯವನೇ.

ರಾಜಾಪಾರ್ಟು
ಎಲ್ಲ ಸರಿ, ಓಬವ್ವನ ವಿಷಯ ಹೇಳ್ರಿ. ಅವಳು ಚಪ್ಪಟೆನಾ, ದುಂಡಾ? ಒಂದೇ ಗುಣ, ಶೌರ್ಯ. ಊರಿಗೆ ಊರೇ ಎದೆಯಲ್ಲಿಟ್ಕೊಂಡಿದೆ.

ಕೆಂಪುಶಾಯಿ
ಜನರ ಬಾಯಲ್ಲಿರೋ ಕತೆಯನ್ನೇ ತಗೊಳ್ಳಿ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ. ಇವಳು ನೀರಿಗೆ ಹೋಗಿದ್ದಾಳೆ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ತೂರಿ ಬರ್ತಿದ್ದಾರೆ. ಊಟಕ್ಕೆ ಕೂತವನನ್ನ ಎಬ್ಬಿಸದೆ ಕೈಗೆ ಒನಕೆ ತಗೋತಾಳೆ. ತಲೆ ಹೊರಗೆ ಬಂದಂಗೆ ಹೊಡೆದು, ಮುಂದಿನವನಿಗೆ ಅನುಮಾನ ಬಾರದ ಹಾಗೆ ಹೆಣ ಬದಿಗೆಳೀತಾಳೆ. ಇದರಲ್ಲಿ ಶೌರ್ಯಕ್ಕಿಂತ ಮೊದಲು ಲೆಕ್ಕಾಚಾರ ಇದೆ, ದಿನಾ ಕುಟ್ಟಿದ ತೋಳಿದೆ, ಗಂಡನ ಊಟದ ಬಗ್ಗೆ ಒಂದು ಅಭ್ಯಾಸ ಇದೆ. ಬರೆಯೋರು ಕೆಡಿಸೋದು ಎಲ್ಲಿ ಅಂದ್ರೆ, ಮೊದಲ ಹೊಡೆತಕ್ಕೂ ಮುಂಚೆ ಅವಳ ಬಾಯಲ್ಲಿ ನಾಡು-ನುಡಿ ಅಂತ ಭಾಷಣ ತುರುಕ್ತಾರೆ. ಕಿಂಡಿ ಹತ್ರ ಸದ್ದು ಮಾಡಿದ್ರೆ ಕತೆಯೇ ಮುಗೀತಲ್ಲ!

ರಾಜಾಪಾರ್ಟು
ಭಾಷಣ ಇಲ್ದೆ ಚಪ್ಪಾಳೆ ಬೀಳಲ್ಲ ಸ್ವಾಮೀ. ಅವಳನ್ನ ಬಿಡಿಸಿ ನೋಡೋಕೆ ಹೋದ್ರೆ ದೇವರನ್ನ ಬಿಡಿಸಿದಂಗೆ. ಜನಪದದ ಪಾತ್ರಕ್ಕೆ ಚಪ್ಪಟೆತನವೇ ಬಲ.

ಏಳುಸುತ್ತು
ಇಬ್ಬರದೂ ಸರಿ, ಪ್ರಕಾರ ಬೇರೆ. ಲಾವಣಿಗೆ ರಾಜಾಪಾರ್ಟು, ಕಾದಂಬರಿಗೆ ಕೆಂಪುಶಾಯಿ. ಐತಿಹಾಸಿಕ ಕಾದಂಬರಿಯಲ್ಲಿ ಇನ್ನೊಂದು ಕಷ್ಟ ಇದೆ, ಕೊನೆ ಎಲ್ಲರಿಗೂ ಗೊತ್ತು. 1779ರಲ್ಲಿ ದುರ್ಗ ಬೀಳುತ್ತೆ ಅಂತ ತಿಳಿದೇ ಓದುಗ ತ.ರಾ.ಸು. ಅವರ ‘ದುರ್ಗಾಸ್ತಮಾನ’ (1982) ತೆರೀತಾನೆ. ‘ಮುಂದೇನು’ ಅನ್ನೋ ಕುತೂಹಲ ಕೆಲಸಕ್ಕೆ ಬರಲ್ಲ. ‘ಮದಕರಿ ನಾಯಕನಂಥವನು ಯಾಕೆ ಸೋತ’ ಅನ್ನೋದೇ ಹಿಡಿದು ಕೂರಿಸಬೇಕು, ಆ ಭಾರ ಪೂರ್ತಿ ಪಾತ್ರಚಿತ್ರಣದ ಮೇಲೆ ಬೀಳುತ್ತೆ.

ಗರಡಿಮನೆ
ಚರ್ಚೆ ಎಪಿಎಂಸಿಯಿಂದ ಕೋಟೆ ಹತ್ತಿತು. ಇನ್ನು ಬೆಣ್ಣೆದೋಸೆ ಒಂದು ಬಾಕಿ.

ಭಟ್ಟಿಹೊಗೆ
ಸಾವ್ಕಾರನಿಗೆ ದೋಸೆ ತಿನ್ನಿಸ್ಬೇಡ್ರಿ. ದಾವಣಗೆರೆ ಕತೆ ಅಂದ್ರೆ ಮೊದಲ ಪುಟದಲ್ಲಿ ಬೆಣ್ಣೆದೋಸೆ, ಎರಡನೇ ಪುಟದಲ್ಲಿ ಮಂಡಕ್ಕಿ ಮಿರ್ಚಿ. ಊರೇ ಸವಕಲು ಪಾತ್ರ ಆಗ್ಬಿಟ್ಟಿದೆ.

ಜೋಳದ_ಸೀಸನ್
ಇಷ್ಟು ಬದಲಾಯಿಸ್ತಿದ್ದೀನಿ: ಹಮಾಲ ಒಬ್ಬನೇ. ಖರೀದಿದಾರ ಫೋನಿನಲ್ಲಿ ಮಾತ್ರ. ಗುಮಾಸ್ತನಿಗೆ ಒಂದು ನಿರ್ಧಾರ. ಸಾವ್ಕಾರನ ಮೊದಲ ದೃಶ್ಯ ಚಾವಡಿಕಟ್ಟೆಯವರು ತೋರಿಸಿದ ದಾರಿಯಲ್ಲಿ: ಹದಿನೆಂಟು ಅಂತಾನೆ, ಕ್ವಿಂಟಲಿಗೆ 6 ಕೆಜಿ ಕಡಿತಾನೆ.

ತೂಕದಕಲ್ಲು
ಇಷ್ಟೊತ್ತು ಸುಮ್ಮನೆ ಓದ್ತಿದ್ದೆ, ಆ 6ರ ಬಗ್ಗೆ ಹೇಳಲೇಬೇಕು. ಮಾರುಕಟ್ಟೆ ಒಪ್ಪೋ ತೇವ ಶೇಕಡಾ 14 ಅಂತ ಹಿಡೀರಿ. 18 ತೇವ ಇದ್ರೆ 100 ಕೆಜಿಯಲ್ಲಿ ಒಣ ಪದಾರ್ಥ 82 ಕೆಜಿ. ಅದನ್ನ 14 ತೇವಕ್ಕೆ ತಂದ್ರೆ ಒಣ ಪಾಲು ಶೇಕಡಾ 86 ಆಗುತ್ತೆ, ಅದಕ್ಕೇ 82ನ್ನ 0.86ರಿಂದ ಭಾಗಿಸಬೇಕು, 95.35 ಕೆಜಿ. ನ್ಯಾಯವಾದ ಕಡಿತ 4.65. ಐದು ಕಡಿದ್ರೆ ಚಿಲ್ಲರೆ ತನ್ನ ಕಡೆಗೆ ಸರಿಸಿಕೊಳ್ಳೋ ವ್ಯಾಪಾರಿ. ಆರು ಕಡಿದ್ರೆ ಕಳ್ಳ. ನಾಲ್ಕೇ ಕಡಿದ್ರೆ ರೈತನಿಂದ ಇನ್ನೇನೋ ಬೇಕಾಗಿದೆ ಅಂತ ಅರ್ಥ. ನಿಮ್ಮ ಸಾವ್ಕಾರ ಯಾರು ಅಂತ ಆ ಅಂಕಿಯಲ್ಲೇ ತೀರ್ಮಾನ ಆಗುತ್ತೆ, ಗುಮಾಸ್ತನಿಗೂ ಈ ಭಾಗಾಕಾರ ಬರುತ್ತೆ ಅನ್ನೋದು ನೆನಪಿರಲಿ.

ವಾಣಿವಿಲಾಸ
ಪಿಯುಸಿ ಮಗಳಿಗೂ ಬರುತ್ತೆ!

ಜೋಳದ_ಸೀಸನ್
ಐದು ಮಾಡ್ತೀನಿ. ಮಗಳು ಚೀಟಿಯ ಹಿಂಬದಿ ಲೆಕ್ಕ ಮಾಡಲಿ.

ತೂಕದಕಲ್ಲು
ಐದು ಮಾಡಿದ್ರೆ ಅವಳು ಕ್ವಿಂಟಲಿಗೆ 350 ಗ್ರಾಂಗೆ ಜಗಳ ತೆಗೀಬೇಕು. ತೆಗೀತಾಳಾ ಅಂತ ಮೊದಲು ಯೋಚನೆ ಮಾಡ್ರಿ. 40 ಕ್ವಿಂಟಲ್ ಮಾಲಿದ್ರೆ 14 ಕೆಜಿ ಆಗುತ್ತೆ, ಆಗ ತೆಗೀಬಹುದು.